ಒಡ್ಡಿನ ಮಣ್ಣಿಗೆ ಒಂದು ಲೋಟ ನೀರಿನ ಪರೀಕ್ಷೆ

ಉಪ್ಪಿನಬೆಟಗೇರಿ ಸುತ್ತಲಿನ ಎರೆಹೊಲಗಳು ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತವೆ. ಊರಾಚೆಯ ಹೊಲವೊಂದರಲ್ಲಿ ಸಣ್ಣ ಹಳ್ಳಕ್ಕೆ ಅಡ್ಡಲಾಗಿ ರೈತರೊಬ್ಬರು ಸ್ವಂತ ಖರ್ಚಿನಲ್ಲಿ ಕಟ್ಟಿಸಿದ ಮಣ್ಣಿನ ಒಡ್ಡೂ ಹಾಗೆಯೇ ಬಿರಿದು ನಿಂತಿತ್ತು. ಎತ್ತರ ಒಂದಾಳಿಗಿಂತ ತುಸು ಹೆಚ್ಚು. ಜೆಸಿಬಿ ತರಿಸಿ, ಅಲ್ಲೇ ಅಕ್ಕಪಕ್ಕದ ಮಣ್ಣು ಬಳಿದು ಪೇರಿಸಿದ್ದು. ಹಿಂಗಾರಿ ಕಡಲೆಗೆ ಒಂದು ನೀರು ಕೊಟ್ಟು ಪೈರು ಉಳಿಸಿದ ಒಡ್ಡು ಎಂಬ ಅಭಿಮಾನ ಮನೆಯವರಿಗೆಲ್ಲ ಇತ್ತು, ಇರಬೇಕಾದದ್ದೇ.

‘ತುಂಬಿದಾಗ ಬುಡದಾಗ ಒಂಚೂರು ಜಿನುಗತೈತ್ರಿ, ಅದೇನ್ ದೊಡ್ಡ ಮಾತಲ್ಲ’ ಎಂದರು ಯಜಮಾನರು. ಜಿನುಗುವ ನೀರು ತಿಳಿಯಾಗಿತ್ತೋ ರಾಡಿಯೋ ಎಂದು ಕೇಳಿದರೆ ಯಾರೂ ನೋಡಿರಲಿಲ್ಲ. ಮಣ್ಣಿನ ಒಡ್ಡು ಯಾವುದೇ ಇರಲಿ, ಸ್ವಲ್ಪ ನೀರು ಜಿನುಗಿಯೇ ತೀರುತ್ತದೆ. ತಿಳಿನೀರಾದರೆ ಕಣ್ಣಿಟ್ಟಿದ್ದರೆ ಸಾಕು. ರಾಡಿಯಾದರೆ ಒಡ್ಡಿನ ಹೊಟ್ಟೆಯೊಳಗಿನ ಮಣ್ಣೇ ಹೊರಬರುತ್ತಿದೆ ಎಂದು ಅರ್ಥ.

ಒಡ್ಡಿನ ಮಣ್ಣನ್ನು ಪರೀಕ್ಷಿಸಲು ಮಗ ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನ್ ತಂದ. ಬೋರ್‌ವೆಲ್ ನೀರು ಈ ಕೆಲಸಕ್ಕೆ ಬಾರದು. ಅದರಲ್ಲಿ ಕರಗಿರುವ ಲವಣಗಳು ಮಣ್ಣಿನ ನಿಜಗುಣವನ್ನು ಮುಚ್ಚಿಡುತ್ತವೆ. ಎರಡು ಗಾಜಿನ ಲೋಟ. ಒಂದಕ್ಕೆ ಒಡ್ಡಿನ ನೆತ್ತಿಯಿಂದ ತೆಗೆದ ಕಡಲೆಕಾಳಿನಷ್ಟು ಹೆಂಟೆ, ಇನ್ನೊಂದಕ್ಕೆ ಬುಡದ್ದು. ನೆತ್ತಿಯ ಹೆಂಟೆ ಕುಸಿದು ಪುಡಿಯಾಯಿತು, ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ಕುಸಿಯುವುದು ಎರೆಮಣ್ಣಿನ ಸ್ವಭಾವ, ಅದರಲ್ಲಿ ದೋಷವಿಲ್ಲ. ಬುಡದ ಹೆಂಟೆಯ ಅಂಚಿನಿಂದ ಮಾತ್ರ ಹೊಗೆಯಂಥದೊಂದು ಎಳೆ ಎದ್ದಿತು. ಹತ್ತು ನಿಮಿಷದೊಳಗೆ ಲೋಟದ ತಳವೆಲ್ಲ ಮಬ್ಬು. ‘ಅಪ್ಪಾ, ಇದು ಹಾಲ ಆತಲ್ಲ’ ಎಂದ ಮಗ.

ಇಂಥ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಶುದ್ಧ ನೀರು ತಾಗಿದರೆ ಜೇಡಿಕಣಗಳು ಒಂದನ್ನೊಂದು ಬಿಟ್ಟು ತೇಲಿ ಹೋಗುತ್ತವೆ. ಬೇಸಿಗೆಯಲ್ಲಿ ಬಿರಿದ ಒಡ್ಡಿನ ಸೀಳಿಗೆ ಮೊದಲ ಮಳೆಯ ನೀರು ನುಗ್ಗಿದರೆ ಸಾಕು, ಸೀಳು ಕೊಳವೆಯಾಗುತ್ತದೆ, ಕೊಳವೆ ಸುರಂಗವಾಗುತ್ತದೆ. ಆಸ್ಟ್ರೇಲಿಯಾದ ರೈತರ ಸಣ್ಣ ಒಡ್ಡುಗಳು ನೀರು ತುಂಬಿದ ಹೊಸತರಲ್ಲೇ ಹೀಗೆ ಒಡೆಯುತ್ತಿದ್ದ ಕಾರಣವನ್ನು ಅಲ್ಲಿನ ವಿಜ್ಞಾನಿಗಳು 1960ರ ದಶಕದಲ್ಲಿ ಬಿಡಿಸಿದರು. ಹೆಂಟೆಯನ್ನು ನೀರಿಗೆ ಹಾಕಿ ಮಣ್ಣನ್ನು ವರ್ಗೀಕರಿಸುವ ಕ್ರಮವನ್ನು ಮಣ್ಣು ವಿಜ್ಞಾನಿ ಎಮರ್ಸನ್ 1967ರಲ್ಲಿ ಪ್ರಕಟಿಸಿದರು.

ಇಷ್ಟು ಓದಿದವರು ಪೋರುಮಾಮಿಳ್ಳ ಕೆರೆಯ ಶಾಸನವನ್ನು ನೆನೆಯದೆ ಇರಲಾರರು. ಕಡಪ ಜಿಲ್ಲೆಯ ಆ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ. ಶಾಸನದ ಕಾಲ 1369. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಬರಬಾರದ 6 ದೋಷಗಳನ್ನೂ ಅದು ಪಟ್ಟಿ ಮಾಡಿದೆ. ದೋಷಗಳಲ್ಲಿ ಒಂದು ಏರಿಯಿಂದ ನೀರು ಜಿನುಗುವುದು, ಇನ್ನೊಂದು ಉಪ್ಪು ಮಣ್ಣು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ! ಪ್ರಯೋಗಾಲಯವಿಲ್ಲದ ಕಾಲದಲ್ಲಿ, ಒಡೆದ ಏರಿಗಳನ್ನು ಕಂಡೂ ಕಂಡೂ ಕೂಡಿಸಿದ ಪಟ್ಟಿ ಇದಿರಬೇಕು. ಸೋಡಿಯಂ ಎಂಬ ಹೆಸರು ಗೊತ್ತಿಲ್ಲದವರು ಅದರ ಕೇಡನ್ನು ಗುರುತಿಸಿದ್ದಿರಬೇಕು.

ಖಾಸಗಿ ಒಡ್ಡಿನ ಅಪಾಯ ಎಷ್ಟಿರಬಹುದೆಂದು ತೋರಿಸಿದ್ದು ಕೀನ್ಯಾದ ಸೊಲಾಯ್. 2018ರ ಮೇ 9ರ ರಾತ್ರಿ, ಭಾರಿ ಮಳೆಯ ನಡುವೆ, ಎಸ್ಟೇಟೊಂದರ ಮಣ್ಣಿನ ಅಣೆ ಒಡೆದು ಕೆಳಗಿನ ಹಳ್ಳಿಯ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಗಳೂರಿನ ಹುಳಿಮಾವು ಕೆರೆ ಖಾಸಗಿಯದಲ್ಲ. ಆದರೂ 2019ರ ನವೆಂಬರ್ 24ರಂದು ಅದರ ಏರಿ ಒಡೆದು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ಕಂಡಿದ್ದಾರೆ.

ನಮ್ಮ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರದು. ಅದು ಲೆಕ್ಕಕ್ಕೆ ಹಿಡಿಯುವುದು 15 ಮೀಟರ್‌ಗಿಂತ ಎತ್ತರದ ಅಣೆಗಳನ್ನು. 10ರಿಂದ 15 ಮೀಟರ್‌ನವಾದರೆ ಉದ್ದ, ಸಂಗ್ರಹ ಇತ್ಯಾದಿ ಷರತ್ತುಗಳಿವೆ. ಹೊಲದ ಒಡ್ಡು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಹೊಣೆ ತಪ್ಪುತ್ತದೆಯೇ? 1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಇಂಥದೇ ವ್ಯಾಜ್ಯ ಬಂದಿತ್ತು. ಕಾರ್ವೇಟಿನಗರ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಯ ಸೇತುವೆಗಳು ಹಾಳಾಗಿದ್ದವು. ಪುರಾತನ ಕೆರೆಗಳನ್ನು ಉಳಿಸಿಕೊಂಡು ಬರುವುದು ಜಮೀನ್ದಾರರ ಕರ್ತವ್ಯ, ನಿರ್ಲಕ್ಷ್ಯ ಇಲ್ಲದಿದ್ದರೆ ಹೊಣೆಯಿಲ್ಲ ಎಂದು ತೀರ್ಪಾಯಿತು. ಮೊನ್ನೆ ಜೆಸಿಬಿಯಿಂದ ಎದ್ದ ಒಡ್ಡಿಗೆ ಆ ಪುರಾತನ ಕೆರೆಗಳ ರಕ್ಷಣೆ ದಕ್ಕುತ್ತದೆಂದು ನಂಬಿ ಕೂರುವುದು ಜಾಣತನವಲ್ಲ.

ಪರಿಹಾರ ದುಬಾರಿಯೇನಲ್ಲ. ಹೆಚ್ಚಾದ ನೀರು ಒಡ್ಡಿನ ನೆತ್ತಿ ಹತ್ತುವ ಮೊದಲೇ ಪಕ್ಕದಿಂದ ಹರಿದುಹೋಗಲು ಕಲ್ಲು ಹಾಸಿದ ಅಗಲದ ಕೋಡಿ ಮೊದಲು ಬೇಕು. ಉಪ್ಪಿನಬೆಟಗೇರಿಯ ಆ ಒಡ್ಡಿನಲ್ಲಿ ಇದ್ದದ್ದು ಒಂದೇ ಸಿಮೆಂಟ್ ಪೈಪು, ಅದರ ಬಾಯಿಗೂ ಜಾಲಿಮುಳ್ಳು. ಎರೆಮಣ್ಣು ಬಿರಿಯದಂತೆ ಮೇಲೆ ಗರಸಿನ ಹೊದಿಕೆ, ಸೋಡಿಯಂ ಇದ್ದಲ್ಲಿ ಮಣ್ಣಿಗೆ ಜಿಪ್ಸಂ, ತೆಳುಪದರಗಳಲ್ಲಿ ಹದವಾಗಿ ನೀರುಣಿಸಿ ದಮ್ಮಸು, ಬುಡದಲ್ಲಿ ಮರಳಿನ ಸೋಸುಪಟ್ಟಿ. ಮರ ಬೇರು ಬಿಡದಂತೆ, ಹೆಗ್ಗಣ ಬಿಲ ತೋಡದಂತೆ ನೋಡಿಕೊಳ್ಳುವುದು ಮನೆಯವರದೇ ಕೆಲಸ.

ಮಣ್ಣು ಆರೋಗ್ಯ ಚೀಟಿ ಹೇಗೂ ರೈತರ ಮನೆಗಳಲ್ಲಿದೆ. ಅದರ 12 ಅಂಶಗಳಲ್ಲಿ ಸಾರಜನಕದಿಂದ ಬೋರಾನ್‌ವರೆಗೆ ಬೆಳೆಗೆ ಬೇಕಾದ್ದೆಲ್ಲ ಉಂಟು, ಸೋಡಿಯಂ ಇಲ್ಲ. ಒಡ್ಡು ಕಟ್ಟುವ ರೈತನಿಗೆ ಆ ಹದಿಮೂರನೆಯ ಅಂಶವನ್ನೂ ಅಳೆದುಕೊಡುವ ಏರ್ಪಾಡನ್ನು ಕೃಷಿ ಇಲಾಖೆ ಮಾಡಬೇಕು, ಅದೂ ಜೆಸಿಬಿ ಹೊಲಕ್ಕೆ ಇಳಿಯುವ ಮೊದಲು.