ವೆಜೇರ್ ಕಣಿವೆಯ ಕಲ್ಲಾಸರೆಗಳು: ವಸತಿ, ಪಯಣ, ಐತಿಹ್ಯ

ನೈಋತ್ಯ ಫ್ರಾನ್ಸಿನ ವೆಜೇರ್ ನದಿಯು ಲಿಮೋಯ್ ಎಂಬಲ್ಲಿ ದೋರ್ದೋನ್ ನದಿಯನ್ನು ಕೂಡುತ್ತದೆ. ಈ ಸಂಗಮದಿಂದ ಮೇಲಕ್ಕೆ ಮೊಂತಿನ್ಯಾಕ್ ಪಟ್ಟಣದವರೆಗಿನ ಹಾದಿಯನ್ನು ಇಂದು ಅನೇಕ ಪ್ರವಾಸಿಗರು ಮೋಟಾರು ಮನೆಗಳಲ್ಲಿ, ಎಂದರೆ ಹಾಸಿಗೆ ಒಲೆಗಳೆಲ್ಲವೂ ಒಳಗೇ ಇರುವ ವಾಹನಗಳಲ್ಲಿ, ಕ್ರಮಿಸುತ್ತಾರೆ. ಒಂದು ನೆಲೆಯಲ್ಲಿ ಇರುಳು ಕಳೆದು ಮುಂದಿನ ನೆಲೆಗೆ ಸಾಗುವ ಈ ನಿಧಾನದ ಪಯಣಕ್ಕೆ ಕಣಿವೆಯ ಪ್ರಾಗೈತಿಹಾಸವು ಹೆಚ್ಚು ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ. ಏಕೆಂದರೆ ಇಲ್ಲಿನ ಆದಿಮಾನವರೂ ನೆಲೆಯಿಂದ ನೆಲೆಗೆ ಸಾಗುತ್ತಿದ್ದವರೇ.

‘ಗುಹಾವಾಸಿ’ ಎಂಬ ರೂಢಿಯ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಚಿತ್ರಗಳಿರುವ ಆಳದ ಗುಹೆಗಳು ಕತ್ತಲಿನವು. ಅವು ಸಾಮಾನ್ಯವಾಗಿ ವಾಸದ ಮನೆಗಳಾಗಿರಲಿಲ್ಲ. ಜನ ಬದುಕಿದ್ದು ಹೆಚ್ಚಾಗಿ ಕಲ್ಲಾಸರೆಗಳಲ್ಲಿ. ಸುಣ್ಣಕಲ್ಲಿನ ಕಡಿಬಂಡೆಯ ಮೆದು ಪದರಗಳು ಹಿಮಗಾಲದಲ್ಲಿ ಸೀಳಿ ಉದುರಿದಾಗ, ಮೇಲಿನ ಗಟ್ಟಿ ಪದರವು ಸೂರಿನಂತೆ ಮುಂಚಾಚಿ ಉಳಿದು ಈ ಆಸರೆಗಳು ಉಂಟಾದವು. ಲೆಸ್ ಎಜಿ ಗ್ರಾಮದ ಪಾತೋ ಕಲ್ಲಾಸರೆಯು ಇದಕ್ಕೆ ಉತ್ತಮ ನಿದರ್ಶನ. ಅಮೆರಿಕದ ಪುರಾತತ್ತ್ವಜ್ಞ ಹ್ಯಾಲಮ್ ಮೋವಿಯಸ್ ನಡೆಸಿದ ಉತ್ಖನನದಲ್ಲಿ ಸುಮಾರು 9 ಮೀಟರ್ ದಪ್ಪದ ನಿಕ್ಷೇಪ ದೊರೆಯಿತು. ಸುಮಾರು 35,000ದಿಂದ 20,000 ವರ್ಷಗಳ ಹಿಂದಿನ ಅವಧಿಯಲ್ಲಿ ಬೇಟೆಗಾರರು ಮತ್ತೆ ಮತ್ತೆ ಬಂದು ತಂಗಿದ ಕುರುಹುಗಳು, ಒಲೆಗಳು, ಹಿಮಸಾರಂಗದ ಮೂಳೆಗಳು ಅದರಲ್ಲಿದ್ದವು. ಪಕ್ಕದ ಆಸರೆಯನ್ನು ರೈತಕುಟುಂಬವೊಂದು ದ್ರಾಕ್ಷಾರಸದ ಉಗ್ರಾಣವಾಗಿ ಬಳಸುತ್ತಿತ್ತು. ಅದರ ಚಾವಣಿಯಲ್ಲಿ ಕಾಡುಮೇಕೆಯ ಉಬ್ಬುಶಿಲ್ಪವಿದೆ.

ಉಗ್ರಾಣದ ಈ ಸಂಗತಿ ಆಕಸ್ಮಿಕವಲ್ಲ. ಕಲ್ಲಾಸರೆಯ ಬಾಳುವೆ ಹಿಮಯುಗದೊಡನೆ ಮುಗಿಯಲಿಲ್ಲ. ಲಾ ಮದ್ಲೆನ್‌ನಲ್ಲಿ ನದಿಯಂಚಿಗೆ ಪ್ರಾಗೈತಿಹಾಸಿಕ ನೆಲೆಯಿದ್ದರೆ, ಮೇಲಿನ ಬಂಡೆಯ ಮಡಿಲಲ್ಲಿ ಮಧ್ಯಯುಗದ ಹಳ್ಳಿಯಿದೆ. ಸುಮಾರು 1 ಕಿಲೋಮೀಟರ್ ಉದ್ದದ ರೋಕ್ ಸೇಂ-ಕ್ರಿಸ್ತೋಫ್ ಬಂಡೆಯಲ್ಲಿ ಐದು ಅಂತಸ್ತುಗಳಿದ್ದು, ಮರದ ತೊಲೆಗಳನ್ನು ಕೂರಿಸಲು ಕೊರೆದ ಕುಳಿಗಳು ಇಂದಿಗೂ ಕಾಣುತ್ತವೆ. ಅಲ್ಲಿನ ಕೋಟೆಯನ್ನು 1588ರಲ್ಲಿ, ಧಾರ್ಮಿಕ ಯುದ್ಧಗಳ ಸಂದರ್ಭದಲ್ಲಿ, ಕೆಡವಲಾಯಿತು. ಸ್ಥಳನಾಮಗಳೂ ವಿಚಾರಣೀಯ. 1868ರಲ್ಲಿ ಅಸ್ಥಿಗಳು ದೊರೆತ ‘ಕ್ರೋ-ಮಾನ್ಯೊಂ’ ಎಂಬ ಹೆಸರಿನ ‘ಕ್ರೋ’ ಸ್ಥಳೀಯ ಒಕ್ಸಿತಾನ್ ನುಡಿಯಲ್ಲಿ ಪೊಟರೆ, ಪೊಳ್ಳು ಎಂಬರ್ಥದ್ದು. ರೈತರ ಆಡುಮಾತು ಹೀಗೆ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿತು.

ಐತಿಹ್ಯದ ಪಾತ್ರ ಲಾಸ್ಕೋ ಗುಹೆಯಲ್ಲಿ ಇನ್ನೂ ಪ್ರಕಟ. 1940ರ ಸೆಪ್ಟೆಂಬರ್ 12ರಂದು ನಾಲ್ವರು ಹುಡುಗರು ಅದರೊಳಗೆ ಇಳಿದರು. ಬಿಲಕ್ಕೆ ಬಿದ್ದ ನಾಯಿಯೇ ಗುಹೆಯನ್ನು ತೋರಿಸಿತೆಂಬ ಕಥೆ ಲೋಕಪ್ರಿಯವಾಗಿದೆ. ಆದರೆ ಹುಡುಗರನ್ನು ಒಳಗೆಳೆದದ್ದು ಹಳೆಯ ಜಮೀನ್ದಾರಿ ಬಂಗಲೆಗೆ ಗುಪ್ತ ಸುರಂಗವಿದೆಯೆಂಬ ಊರಿನ ನಂಬಿಕೆ. ನಾಯಿಯ ಕಥೆಗಿಂತ ಈ ನಂಬಿಕೆಯೇ ಜಾನಪದ ಅಧ್ಯಯನಕ್ಕೆ ಹೆಚ್ಚು ಬೆಲೆಯುಳ್ಳದ್ದು. ಅದು ಸುಳ್ಳಾಗಿದ್ದೂ ಫಲ ಕೊಟ್ಟಿತು.

1948ರಲ್ಲಿ ಗುಹೆಯು ಸಾರ್ವಜನಿಕರಿಗೆ ತೆರೆಯಿತು. ನೋಡುಗರ ಉಸಿರು, ಮೈಬಿಸಿ, ದೀಪಗಳ ಬೆಳಕಿನಿಂದ ಗೋಡೆಗಳ ಮೇಲೆ ಪಾಚಿಯೂ ಸುಣ್ಣದ ಹರಳೂ ಬೆಳೆದವು. 1963ರಲ್ಲಿ ಅದನ್ನು ಮುಚ್ಚಬೇಕಾಯಿತು. 1979ರಲ್ಲಿ ಕಣಿವೆಯ ನೆಲೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದರೂ ಲಾಸ್ಕೋದ ಬಾಗಿಲು ತೆರೆಯಲಿಲ್ಲ. ಮೊಂತಿನ್ಯಾಕ್ ತಲುಪಿದ ಪಯಣಿಗರು ನೋಡುವುದು 1983ರ ಅಥವಾ 2016ರ ಪ್ರತಿಕೃತಿಯನ್ನು. ಮೂಲ ಬಹುವರ್ಣ ಚಿತ್ರಗಳನ್ನೇ ಕಾಣಬಯಸುವವರು ಲೆಸ್ ಎಜಿಯ ಫೋಂ-ದ-ಗೋಮ್ ಗುಹೆಗೆ ಹೋಗಬೇಕು. ಅಲ್ಲಿಯೂ ಪ್ರವೇಶ ಮಿತ ಸಂಖ್ಯೆಯವರಿಗೆ ಮಾತ್ರ.