ಹಾಜರಿ ಪುಸ್ತಕದಿಂದಾಚೆಗೆ: ಗಡಿ ಸೀಮೆಯ ಮಕ್ಕಳ ಶಿಕ್ಷಣದ ಹಕ್ಕು

ಸಂವಿಧಾನ ಜಾರಿಗೆ ಬಂದ ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಒದಗಿಸಲು ಸರ್ಕಾರ ಪ್ರಯತ್ನಿಸಬೇಕೆಂದು 45ನೆಯ ವಿಧಿ ಹೇಳಿತ್ತು. ಆದರೆ ಅದು ನಿರ್ದೇಶಕ ತತ್ತ್ವ, ಎಂದರೆ ಆಡಳಿತಕ್ಕೆ ದಾರಿ ತೋರಿದರೂ ನ್ಯಾಯಾಲಯದ ಮೂಲಕ ಜಾರಿ ಮಾಡಿಸಿಕೊಳ್ಳಲಾಗದ ಸೂತ್ರವಾಗಿದ್ದರಿಂದ, 1960 ಕಳೆದರೂ ಈಡೇರಲಿಲ್ಲ. ಅದಕ್ಕೆ ಹಕ್ಕಿನ ಬಲ ಬಂದದ್ದು ಕರ್ನಾಟಕ-ಆಂಧ್ರ ಗಡಿಯ ಈಚೆಗೂ ಆಚೆಗೂ ಹುಟ್ಟಿದ ಎರಡು ಮೊಕದ್ದಮೆಗಳಿಂದ. 1992ರ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವು ಬದುಕುವ ಹಕ್ಕಿನಲ್ಲೇ ಅಡಗಿದೆಯೆಂದಿತು. ಮರುವರ್ಷ ಉನ್ನಿಕೃಷ್ಣನ್ ಮತ್ತು ಆಂಧ್ರಪ್ರದೇಶ ರಾಜ್ಯ ಪ್ರಕರಣದಲ್ಲಿ ಆ ಹಕ್ಕು ಹದಿನಾಲ್ಕು ವರ್ಷದವರೆಗೆ ಪೂರ್ಣವಾಗಿ ಸಲ್ಲುತ್ತದೆಂದು ಸ್ಪಷ್ಟಪಡಿಸಿತು. 2002ರ 86ನೆಯ ತಿದ್ದುಪಡಿ ಈ ಹಕ್ಕಿಗಾಗಿ ಸಂವಿಧಾನಕ್ಕೆ 21-ಎ ವಿಧಿಯನ್ನು ಸೇರಿಸಿತು. ಅದನ್ನು ಕಾರ್ಯರೂಪಕ್ಕೆ ತರುವ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು.

ಈ ಕಾಯ್ದೆಯ 8ನೆಯ ಪ್ರಕರಣವು ಶಿಕ್ಷಣವು ಉತ್ತಮ ಗುಣಮಟ್ಟದ್ದಾಗಿರಬೇಕೆಂದು ಹೇಳಿ, ಆ ಹೊಣೆಯನ್ನು ಸರ್ಕಾರಕ್ಕೇ ಹೊರಿಸಿದೆ. ಗುಣಮಟ್ಟವೆಂದರೆ ಏನೆಂಬುದನ್ನು ಅದರ ಅನುಸೂಚಿ, ಎಂದರೆ ಕಾಯ್ದೆಗೆ ಜೋಡಿಸಿದ ಮಾನದಂಡಗಳ ಪಟ್ಟಿ, ಬಹುಮಟ್ಟಿಗೆ ಲೆಕ್ಕದ ಭಾಷೆಯಲ್ಲಿ ಹೇಳುತ್ತದೆ: ಒಂದರಿಂದ ಐದನೆಯ ತರಗತಿವರೆಗೆ ವರ್ಷಕ್ಕೆ 200 ದಿನ ಮತ್ತು 800 ಗಂಟೆ, ಆರರಿಂದ ಎಂಟರವರೆಗೆ 220 ದಿನ ಮತ್ತು 1,000 ಗಂಟೆ ಪಾಠ, ಪ್ರತಿ ಶಿಕ್ಷಕರಿಗೊಂದು ಕೊಠಡಿ, ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಗ್ರಂಥಾಲಯ. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕೆಂಬುದೂ ಇದೇ ಪಟ್ಟಿಯ ಮಾತು. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನಡೆಸುವ ಶಾಲೆಯೂ ಮಾನದಂಡಕ್ಕೆ ಸರಿಹೊಂದಿದ ಶಾಲೆಯೇ ಆಗುತ್ತದೆಂಬುದನ್ನು ಮರೆಯದೆ ಈ ಕಾಯ್ದೆಯನ್ನು ಓದಬೇಕು, ಏಕೆಂದರೆ ಗಡಿ ಸೀಮೆಯ ಸಣ್ಣ ಹಳ್ಳಿಗಳಿಗೆ ಪೆಟ್ಟು ಬೀಳುವುದು ಇಲ್ಲಿಯೇ.

ಈ ಗಡಿ ಸೀಮೆಯ ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡೂ ಆಂಧ್ರಪ್ರದೇಶದ ಹಳೆಯ ಅನಂತಪುರ ಜಿಲ್ಲೆಯ ಪಟ್ಟಣಗಳು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಯನ್ನು ಒಡೆದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರದಲ್ಲೇ ಉಳಿಯಿತು. ಕರ್ನಾಟಕದ ಗೌರಿಬಿದನೂರಿಗೆ ನೆರೆಯಾಗಿ, ರೇಷ್ಮೆಗೂಡಿನ ವಹಿವಾಟಿಗೆ ಹೆಸರಾದ ಹಿಂದೂಪುರದ ಬೀದಿಗಳಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ದಿನನಿತ್ಯದ ಮಾತು. ಅದರ ಪಶ್ಚಿಮಕ್ಕೆ ಮಡಕಶಿರಾ, ರೊಳ್ಳ, ಅಗಳಿ, ನೊಳಂಬ ಅರಸರ ರಾಜಧಾನಿಯಾಗಿದ್ದ ಹೇಮಾವತಿಯನ್ನೊಳಗೊಂಡ ಅಮರಾಪುರ, ಕಲ್ಯಾಣದುರ್ಗದಾಚೆ ರಾಯದುರ್ಗ, ಡಿ. ಹಿರೇಹಾಳ್ ಕಡೆಗಳಲ್ಲಿ ಕನ್ನಡ ಮನೆಮಾತಿನ ಹಳ್ಳಿಗಳಿದ್ದು, ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ರಾಜ್ಯಗಳ ಗಡಿ ಗುರುತಿಸಿದಾಗ ಆಡಳಿತದ ಭಾಷೆಯೊಂದು ಗಟ್ಟಿಯಾಯಿತೇ ಹೊರತು ಮನೆಯೊಳಗಿನ ಮಾತು ಬದಲಾಗಲಿಲ್ಲ.

ಇಂಥ ಮಕ್ಕಳಿಗಾಗಿಯೇ 1956ರ ಏಳನೆಯ ತಿದ್ದುಪಡಿ 350-ಎ ವಿಧಿಯನ್ನು ತಂದಿತು. ಭಾಷಾ ಅಲ್ಪಸಂಖ್ಯಾತರ, ಅಂದರೆ ಒಂದು ರಾಜ್ಯದ ಬಹುಸಂಖ್ಯಾತರ ಭಾಷೆಯನ್ನು ಬಿಟ್ಟು ಬೇರೆ ಮಾತೃಭಾಷೆಯುಳ್ಳವರ, ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲೇ ಕಲಿಯುವ ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂಬುದು ಅದರ ಸಾರ. ಅದಕ್ಕೂ ಮೊದಲು, 1949ರ ಆಗಸ್ಟ್‌ನಲ್ಲಿ ಸೇರಿದ್ದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಭಾಷೆಯ ಮಕ್ಕಳು ಶಾಲೆಯಲ್ಲಿ ಒಟ್ಟು 40 ಅಥವಾ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ ಆ ಭಾಷೆಯ ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕೆಂದು ನಿರ್ಣಯಿಸಿತ್ತು. ಈ ಸೂತ್ರದ ಉದ್ದೇಶ ಒಳ್ಳೆಯದೇ. ಆದರೆ ಎಂಟು ಹತ್ತು ಮನೆಗಳವರು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದ ಕೂಡಲೇ ಉಳಿದ ಮಕ್ಕಳ ಹಕ್ಕು ಸಂಖ್ಯೆಯ ಕೊರತೆಯಿಂದ ಕೈತಪ್ಪುವಂತಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಬೋಧನೆ ಮಾತೃಭಾಷೆಯಲ್ಲಿರಬೇಕೆನ್ನುತ್ತದೆ, ಆದರೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಷರತ್ತಿನೊಡನೆ. ಎರಡು ಮಾಧ್ಯಮದ ಮಕ್ಕಳು ಒಂದೇ ಸೂರಿನಡಿ ಓದುವ, ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಐದು ತರಗತಿಗಳು ವಾಸ್ತವದಲ್ಲಿ ಹತ್ತಾಗುತ್ತವೆ. ಅಲ್ಲಿ ಮೊದಲು ಬಿಟ್ಟುಹೋಗುವುದು ಕಡಿಮೆ ಸಂಖ್ಯೆಯವರ ಪಾಠವೇ.

2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರವು ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯಗೊಳಿಸಲು ಹೊರಟಾಗ, 2020ರ ಏಪ್ರಿಲ್‌ನಲ್ಲಿ ರಾಜ್ಯದ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅದಕ್ಕೆ ಮೊದಲು, 2014ರ ಮೇ ತಿಂಗಳಲ್ಲಿ, ಕರ್ನಾಟಕದ ಭಾಷಾನೀತಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾತೃಭಾಷೆಯನ್ನು ಬಲವಂತವಾಗಿ ಹೇರಲೂ ಬಾರದೆಂದಿತ್ತು. ಆಂಧ್ರದ ವಾದವು ತೆಲುಗು ಬೇಕೋ ಇಂಗ್ಲಿಷ್ ಬೇಕೋ ಎಂಬಲ್ಲೇ ಹೆಚ್ಚಾಗಿ ಸುತ್ತಿದ್ದರಿಂದ ರೊಳ್ಳದ ಕನ್ನಡದ ಮಗುವಾಗಲಿ ಹಿಂದೂಪುರದ ಉರ್ದು ಮಗುವಾಗಲಿ ಅದರೊಳಗೆ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ ಎಂಬುದು ನೋವಿನ ಸಂಗತಿ.

ಕಲ್ಯಾಣದುರ್ಗದ ಕಡೆ ಭಾಷೆಯ ಜೊತೆಗೆ ಬರವೂ ಸೇರಿಕೊಳ್ಳುತ್ತದೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಅನಂತಪುರದ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದ ಕಡಲೆಕಾಯಿಯದು. ಬೆಳೆ ಕೈಕೊಟ್ಟ ವರ್ಷ ಕುಟುಂಬಗಳು ಕೂಲಿ ಹುಡುಕಿ ಬೆಂಗಳೂರಿನಂಥ ಊರುಗಳಿಗೆ ವಲಸೆ ಹೋಗುತ್ತವೆ, ಜೊತೆಗೆ ಮಕ್ಕಳೂ ಹೋಗುತ್ತಾರೆ. ಹೆಸರು ಊರಿನ ಹಾಜರಿ ಪುಸ್ತಕದಲ್ಲಿದ್ದು ಮಗು ಕಟ್ಟಡ ಕೆಲಸದ ಜಾಗದಲ್ಲಿರುವ ತಿಂಗಳುಗಳಲ್ಲಿ, 200 ದಿನ ಪಾಠ ನಡೆಸಿದ ಶಾಲೆ ಮಾನದಂಡವನ್ನು ಪೂರೈಸಿದರೂ ಮಗುವಿಗೆ ಅದರ ಅರ್ಧವೂ ದಕ್ಕದಿರಬಹುದು.

ಕಾಯ್ದೆ ಇದನ್ನು ಕಾಣದೆ ಹೋಗಿಲ್ಲ. ಯಾವ ಕಾರಣಕ್ಕಾದರೂ, ರಾಜ್ಯದ ಹೊರಗಾದರೂ, ಶಾಲೆ ಬದಲಿಸುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕೆಂದೂ, ಆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಸೇರಿಸಿಕೊಳ್ಳದೆ ಇರಬಾರದೆಂದೂ 5ನೆಯ ಪ್ರಕರಣ ಹೇಳುತ್ತದೆ. ವಲಸೆ ಕುಟುಂಬಗಳ ಮಕ್ಕಳನ್ನು ದಾಖಲಿಸಿಕೊಳ್ಳುವುದು 9ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡಬೇಕೆಂಬುದು 4ನೆಯ ಪ್ರಕರಣದ ಆಜ್ಞೆ. ಪೋಷಕರು ದುಡಿಯಲು ಹೋದಾಗ ಮಕ್ಕಳು ಊರಿನಲ್ಲೇ ಉಳಿದು ಓದುವಂತೆ ಋತುಮಾನದ ವಸತಿ ನಿಲಯಗಳನ್ನು ತೆರೆಯಲು ಶಿಕ್ಷಣ ಯೋಜನೆಗಳಲ್ಲಿ ಅವಕಾಶವಿದೆ. ಆದರೂ ಕನ್ನಡ ಮಾಧ್ಯಮದ ಮಗುವಿಗೆ ಬೆಂಗಳೂರಿನ ಶಾಲೆ ಭಾಷೆಯಲ್ಲಿ ಹತ್ತಿರವಾದರೆ, ತೆಲುಗು ಮಾಧ್ಯಮದ ಮಗು ಅಲ್ಲಿ ಮತ್ತೆ ಮೊದಲಿಂದ ಅಕ್ಷರ ಕಲಿಯಬೇಕಾಗುತ್ತದೆ. ಹೀಗೆ ವಲಸೆಯೂ ಭಾಷೆಯೂ ಬೇರೆ ಬೇರೆ ಸಮಸ್ಯೆಗಳಾಗಿ ಉಳಿಯುವುದಿಲ್ಲ.

ಕಾಯ್ದೆಯ 21ನೆಯ ಪ್ರಕರಣದಂತೆ ರಚಿತವಾಗುವ, ಮುಕ್ಕಾಲು ಪಾಲು ಪೋಷಕರೇ ಇರುವ, ಅರ್ಧದಷ್ಟು ಮಹಿಳೆಯರಿರಬೇಕಾದ ಶಾಲಾ ನಿರ್ವಹಣಾ ಸಮಿತಿಗೆ ಇಲ್ಲಿ ದೊಡ್ಡ ಕೆಲಸವಿದೆ. ಅದು ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕೆಂದು 22ನೆಯ ಪ್ರಕರಣ ಹೇಳುವುದರಿಂದ, ಪ್ರತಿ ಮಗುವಿನ ಮನೆಮಾತು ಯಾವುದು, ಮಗು ಯಾವ ತಿಂಗಳುಗಳಲ್ಲಿ ಯಾವ ಊರಿಗೆ ಹೋಗುತ್ತದೆ, ಹಿಂದಿರುಗಿದಾಗ ಯಾವ ಪಾಠದಲ್ಲಿ ಹಿಂದುಳಿದಿರುತ್ತದೆ ಎಂಬ ವಿವರಗಳನ್ನು ಆ ಯೋಜನೆಯಲ್ಲಿ ಬರೆದರೆ, ಮಂಡಲ ಶಿಕ್ಷಣಾಧಿಕಾರಿಯ ಮುಂದೆ ಕನ್ನಡ ಶಿಕ್ಷಕರ ಹುದ್ದೆಯನ್ನೂ ವಿಶೇಷ ತರಗತಿಯನ್ನೂ ಕೇಳಲು ಪೋಷಕರ ಕೈಯಲ್ಲಿ ಲಿಖಿತ ಆಧಾರವಿರುತ್ತದೆ.