ಶಿಷ್ಯನನ್ನು ಹರಸಿದ ಮಾತೇ ಪೀಠದ ಹೆಸರು

ಉಜ್ಜಿನಿ ಎಂದೊಡನೆ ಹರಪನಹಳ್ಳಿ, ಕೊಟ್ಟೂರು ಸೀಮೆಯ ಸದ್ಭಕ್ತರ ಕಣ್ಣ ಮುಂದೆ ನಿಲ್ಲುವುದು ದೇಗುಲದ ಶಿಖರಕ್ಕೆ ಎಣ್ಣೆ ಎರೆಯುವ ಜಾತ್ರೆ. ಅದೇ ಉಜ್ಜಿನಿಯಲ್ಲಿ ನಡೆಯಿತೆಂದು ಹಿರಿಯರು ಹೇಳುತ್ತ ಬಂದ ಇನ್ನೊಂದು ಪ್ರಸಂಗವುಂಟು. ಹನ್ನೆರಡನೆಯ ಶತಮಾನದ ಮರುಳಸಿದ್ಧರು ಮಾಘದ ಹುಣ್ಣಿಮೆಯಂದು ತಮ್ಮ ಶಿಷ್ಯ ತೆಲುಗುಬಾಳು ಸಿದ್ಧೇಶ್ವರರನ್ನು ಸದ್ಧರ್ಮ ಪೀಠದ ಮೇಲೆ ಕೂಡಿಸಿ, ‘ತರಳಾ, ಬಾಳು’ ಎಂದು ಹರಸಿದರು. ತರಳನೆಂದರೆ ಮಗು. ಆ ಎರಡು ಮಾತೇ ಮುಂದೆ ಸಿರಿಗೆರೆಯ ಗುರುಪರಂಪರೆಗೆ ತರಳಬಾಳು ಎಂಬ ಹೆಸರಾಗಿ ಉಳಿಯಿತು.

ಪೀಠಕ್ಕೆ ಗುರುವಿನ ಹೆಸರು ಬರುವುದು ಲೋಕರೂಢಿ. ಇಲ್ಲಿ ಗುರುವು ಶಿಷ್ಯನನ್ನು ಕರೆದ ಮಾತು ಹೆಸರಾಗಿದೆ. ಇದು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅಷ್ಟಾವರಣಗಳಲ್ಲಿ ಮೊದಲನೆಯವನೇ ಗುರು. ಮಸ್ತಕದ ಮೇಲೆ ಹಸ್ತವಿಡುವುದು ವೇಧಾದೀಕ್ಷೆ, ಕಿವಿಯಲ್ಲಿ ಪಂಚಾಕ್ಷರಿಯನ್ನು ಉಪದೇಶಿಸುವುದು ಮಂತ್ರದೀಕ್ಷೆ, ಅಂಗೈಗೆ ಇಷ್ಟಲಿಂಗವನ್ನು ಕೊಡುವುದು ಕ್ರಿಯಾದೀಕ್ಷೆ. ಮೂರರಲ್ಲಿಯೂ ಗುರುವು ಕೊಡುವವನೇ. ಕೊಟ್ಟ ಮೇಲೆ ಪೂಜೆ ಶಿಷ್ಯನ ಅಂಗೈಯಲ್ಲೇ ನಡೆಯುತ್ತದೆ; ಲಿಂಗಕ್ಕೂ ಅವನಿಗೂ ನಡುವೆ ಗುರುವು ಅಡ್ಡ ನಿಲ್ಲುವುದಿಲ್ಲ.

ವಯಸ್ಸಿನ ಹಮ್ಮಿಗೂ ಇಲ್ಲಿ ಎಡೆಯಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರಾದ ಸಿದ್ಧರಾಮರು ಕಲ್ಯಾಣಕ್ಕೆ ಬಂದು ಲಿಂಗದೀಕ್ಷೆ ಪಡೆದುದು ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರಿಂದ. ದೂರದ ಪಂಜಾಬದಲ್ಲಿ ಗುರು ನಾನಕರು 1539ರಲ್ಲಿ ಇಬ್ಬರು ಗಂಡುಮಕ್ಕಳಿದ್ದರೂ ಗುರುಪಟ್ಟವನ್ನು ಶಿಷ್ಯ ಲಹಣಾನಿಗೆ ಕೊಟ್ಟರು. ತನ್ನ ಅಂಗವೇ ಇವನು ಎಂಬಂತೆ ಅಂಗದ ಎಂದು ಹೆಸರಿಟ್ಟರು.

ನಮ್ಮ ಕಾಲಕ್ಕೇ ಬರೋಣ. ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು 1979ರಲ್ಲಿ ಪೀಠವನ್ನು ಶಿಷ್ಯರಾದ ಶ್ರೀ ಶಿವಮೂರ್ತಿ ಶಿವಾಚಾರ್ಯರಿಗೆ ವಹಿಸಿಕೊಟ್ಟರು. ತಾವು ಲಿಂಗೈಕ್ಯರಾದುದು 1992ರಲ್ಲಿ. ನಡುವಿನ ಹದಿಮೂರು ವರುಷ ಪೀಠವಿಲ್ಲದೆಯೂ ಅವರು ಭಕ್ತರಿಗೆ ಗುರುವೇ ಆಗಿದ್ದರು. ಪಟ್ಟದ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲೇರುವುದನ್ನು ಕಂಡು ಭಕ್ತರು ನೊಂದುಕೊಳ್ಳುವ ಈ ದಿನಗಳಲ್ಲಿ ಇದನ್ನು ಮರೆಯಬಾರದು.

ಮಠಗಳಿಗೆ ಮಾತ್ರ ಹೇಳುವ ಮಾತಲ್ಲ ಇದು. ‘ಮಗ ಮಾತು ಕೇಳವಲ್ಲ, ಬುದ್ಧೀ’ ಎಂದು ಅಲವತ್ತುಕೊಳ್ಳುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಕೂರಿಗೆಯನ್ನು ಅವನ ಕೈಗೆ ಕೊಟ್ಟು, ಒಂದು ಹಂಗಾಮಾದರೂ ಬದುವಿನ ಮೇಲೆ ಸುಮ್ಮನೆ ಕುಳಿತು ನೋಡಿದ್ದೀರೇನಪ್ಪಾ ಎಂದು ನಾವು ಕೇಳುತ್ತೇವೆ. ಹೆಚ್ಚಿನವರು ನಕ್ಕು ತಲೆ ಕೆರೆದುಕೊಳ್ಳುತ್ತಾರೆ.